ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಕೆಲಸ: ಕರಾರಿನ ‘ಸಾಂಕ್ರಾಮಿಕ’ ಸಾಲಿಗೆ ಸಹಿ ಹಾಕಬಹುದೇ?

ಪಿ.ಬಿ. ರಸ್ತೆಯವ

ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ನನ್ನ ತಮ್ಮ ಇನ್‌ಸ್ಟ್ರುಮೆಂಟೇಷನ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಹರಿಹರದಲ್ಲಿ ಕೆಲಸ ಮಾಡಿದ್ದಾನೆ. ಈಗ ಮುಂಬೈನ ಏಜೆನ್ಸಿಯೊಂದರ ಮೂಲಕ ಅರಬ್ಬೀ ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಒಂದರಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಕರೆ ಬಂದಿದೆ. 28 ದಿನ ಸಮುದ್ರದಲ್ಲಿ, 28 ದಿನ ಊರಿನಲ್ಲಿ. ಸಂಬಳ ಇಲ್ಲಿಯದರ ಎರಡೂವರೆ ಪಟ್ಟು.

ಕರಾರು ಪತ್ರದ ಎರಡನೇ ಪುಟದಲ್ಲಿ, ಸಾಂಕ್ರಾಮಿಕ ರೋಗ, ಹವಾಮಾನ ಅಥವಾ ಇತರ ಅನಿವಾರ್ಯ ಕಾರಣಗಳಿಂದ ಕೆಲಸಗಾರರನ್ನು ಬದಲಾಯಿಸಲು ಆಗದಿದ್ದರೆ ಕೆಲಸದ ಅವಧಿಯನ್ನು ಸಂಸ್ಥೆಯು ತನ್ನ ವಿವೇಚನೆಯಂತೆ ಮುಂದುವರಿಸಬಹುದು ಎಂಬ ಅರ್ಥದ ಒಂದು ವಾಕ್ಯವಿದೆ. ಕೊರೊನಾ ಮುಗಿದು ಹೋಗಿದೆ, ಅದಕ್ಕೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು ತಮ್ಮನ ವಾದ. 2021ರ ಮೇ ತಿಂಗಳಲ್ಲಿ ಬಾರ್ಜ್ (ಸಮುದ್ರದಲ್ಲಿ ಕೆಲಸಗಾರರು ತಂಗುವ ದೊಡ್ಡ ಚಪ್ಪಟೆ ದೋಣಿ) ಮುಳುಗಿದ ಸುದ್ದಿಯನ್ನು ಮೂರು ದಿನ ಟಿ.ವಿ.ಯ ಮುಂದೆ ಕುಳಿತು ನೋಡಿದ ನಮ್ಮ ತಾಯಿಯವರಿಗೆ ಈ ಕೆಲಸದ ಹೆಸರೆತ್ತಿದರೇ ಸಿಟ್ಟು ಬರುತ್ತದೆ. ನನಗಂತೂ ಆ ಒಂದು ವಾಕ್ಯವೇ ಗಂಟಲಿನ ಮುಳ್ಳಾಗಿದೆ.

2020-21ರಲ್ಲಿ ಸಮುದ್ರದ ಮೇಲೆ ಕೆಲಸ ಮಾಡಿದವರು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇದ್ದೇ ಇರುತ್ತೀರಿ. ಆಗ ಹೋಗುವುದು, ಬರುವುದು, ಅಲ್ಲಿ ಇರುವುದು ಹೇಗಿತ್ತು? ಸಹಿ ಹಾಕುವ ಮೊದಲು ಏನನ್ನು ಕೇಳಬೇಕು?

ಕೋಟೆ ಮಗ್ಗುಲಿನವ

ನಾಲ್ಕೂ ಕಡೆ ನೀರು, ಹೊರಗಿನವರು ಯಾರೂ ಬರುವಂತಿಲ್ಲ. ಲಾಕ್‌ಡೌನ್ ಸಮಯದಲ್ಲಿ ಚಿತ್ರದುರ್ಗದ ಸಂತೆಗಿಂತ ಅದು ಸಾವಿರ ಪಾಲು ಸುರಕ್ಷಿತವಾದ ಜಾಗವಾಗಿತ್ತು. ಇದರಲ್ಲಿ ಹೆದರುವುದೇನಿದೆ?

ಹರಿಹರದ ಫಿಟ್ಟರ್

ಕೋಟೆಯವರೇ, ಹೊರಗಿನವರು ಬರುವಂತಿಲ್ಲ ಎಂದಿರಿ. ಒಳಗಿನವರು ಹೋಗುವಂತೆಯೂ ಇರಲಿಲ್ಲ ಎಂಬುದನ್ನು ಸೇರಿಸಿಕೊಳ್ಳಿ.

ನಾನು 2020ರ ಮಾರ್ಚ್ 6ರಂದು ಮುಂಬೈನ ಜುಹುವಿನಿಂದ ಹೆಲಿಕಾಪ್ಟರ್ ಹತ್ತಿದೆ. ಮುಂಬೈ ಹೈ ಎಂದು ಕರೆಯುವ ತೈಲ ಕ್ಷೇತ್ರ ಮುಂಬೈ ದಡದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ. ಹತ್ತುವಾಗ ಜ್ವರ ನೋಡುವ ಯಂತ್ರವನ್ನು ಹಣೆಗೆ ಹಿಡಿದಿದ್ದೊಂದೇ ಆಗ ನಡೆದ ತಪಾಸಣೆ. ಏಪ್ರಿಲ್ 3ಕ್ಕೆ ಇಳಿಯಬೇಕಾಗಿತ್ತು. ಮಾರ್ಚ್ 22ರ ಜನತಾ ಕರ್ಫ್ಯೂವನ್ನು ಮೆಸ್ಸಿನ ಟಿ.ವಿ.ಯಲ್ಲಿ ನೋಡಿದೆವು. ಅಂದಿನ ರಾತ್ರಿಯಿಂದಲೇ ರೈಲು ನಿಂತಿತು; 25ರಿಂದ ದೇಶದೊಳಗಿನ ವಿಮಾನಗಳೂ ನಿಂತವು. ನಮ್ಮ ಬದಲಿಗೆ ಬರಬೇಕಾದವರು ಬಿಹಾರ, ಒಡಿಶಾ, ಕೇರಳ ಎಂದು ಅವರವರ ಊರುಗಳಲ್ಲೇ ಉಳಿದುಬಿಟ್ಟರು. ತೈಲ ಮತ್ತು ಅನಿಲದ ಕೆಲಸ ಅಗತ್ಯ ಸೇವೆಯಾದ್ದರಿಂದ ಕೆಲಸ ನಿಲ್ಲಲಿಲ್ಲ. ಅಗತ್ಯ ಸೇವೆ ಎಂದರೆ ಸೇವೆ ಅಗತ್ಯ; ಸೇವೆ ಮಾಡುವವನು ಮನೆಗೆ ಹೋಗುವುದು ಅಗತ್ಯಗಳ ಪಟ್ಟಿಯಲ್ಲಿ ಇರಲಿಲ್ಲ.

ಮೇ 20ರಂದು ದೋಣಿಯಲ್ಲಿ ನಮ್ಮನ್ನು ಮುಂಬೈಗೆ ತಂದು ಇಳಿಸಿದರು. ಹತ್ತಿ 75 ದಿನಗಳಾಗಿದ್ದವು. ನಮ್ಮ ದುರದೃಷ್ಟಕ್ಕೆ, ಎರಡು ದಿನ ಮೊದಲು, ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಕರ್ನಾಟಕ ಘೋಷಿಸಿತ್ತು. ನಾನು ಮತ್ತು ರಾಣೆಬೆನ್ನೂರಿನ ಒಬ್ಬ ರಿಗ್ಗರ್ (ಭಾರ ಎತ್ತಿಳಿಸುವವನು) ಲಾಡ್ಜ್‌ನ ಒಂದೇ ಕೊಠಡಿಯಲ್ಲಿ ಹದಿನೈದು ದಿನ ಕಳೆದೆವು. ಬಾಡಿಗೆ ನಮ್ಮ ಜೇಬಿನಿಂದಲೇ ಹೋಯಿತು. ಸಂಬಳ ದೋಣಿಯಿಂದ ಇಳಿದ ಗಳಿಗೆಗೆ ನಿಂತಿತ್ತು. ಜೂನ್ 3ಕ್ಕೆ ನಿಸರ್ಗ ಚಂಡಮಾರುತ ಅಲಿಬಾಗ್ ಬಳಿ ಅಪ್ಪಳಿಸಿತು. ಮರುದಿನ ಸೇವಾ ಸಿಂಧು ಪಾಸ್ ಹಿಡಿದು ನಾಲ್ವರು ಸೇರಿ ಒಂದು ಕಾರು ಮಾಡಿಕೊಂಡು ಹೊರಟೆವು. ನಿಪ್ಪಾಣಿ ಹತ್ತಿರದ ಕೊಗನೊಳಿ ಗಡಿಯಲ್ಲಿ ಸಾಲು ಹಿಡಿದು ನಿಂತದ್ದೇ ಅರ್ಧ ದಿನ. ದಾವಣಗೆರೆಗೆ ಬಂದ ಮೇಲೆ ಮಹಾರಾಷ್ಟ್ರದಿಂದ ಬಂದವರೆಂದು ಹಾಸ್ಟೆಲಿನಲ್ಲಿ ಏಳು ದಿನ, ಅನಂತರ ಕೈಮೇಲೆ ಮುದ್ರೆ ಒತ್ತಿಸಿಕೊಂಡು ಮನೆಯಲ್ಲಿ ಏಳು ದಿನ.

ಹಾಸ್ಟೆಲಿನ ಕಿಟಕಿಯಿಂದ ಹೊರಗೆ ನೋಡಿದರೆ ನಮ್ಮೂರಿನ ಬಸ್ಸು ಹೋಗುವ ರಸ್ತೆಯೇ ಕಾಣುತ್ತಿತ್ತು. 75 ದಿನ ಸಮುದ್ರದಲ್ಲಿ ಅಳದವನಿಗೆ ಅಲ್ಲಿ ಕಣ್ಣು ತುಂಬಿ ಬಂತು.

ಪಿ.ಬಿ. ರಸ್ತೆಯವ

ಅಣ್ಣ, ಆ 75 ದಿನಕ್ಕೆ ಪೂರ್ತಿ ಸಂಬಳ ಕೊಟ್ಟರೇ?

ಹರಿಹರದ ಫಿಟ್ಟರ್

ಕೊಟ್ಟರು, ಸುಳ್ಳು ಹೇಳಬಾರದು. ಆದರೆ ಅಷ್ಟೇ ದಿನದ ರಜೆ ಬರಬೇಕಾಗಿತ್ತು. ಅದರ ಲೆಕ್ಕವನ್ನು ಯಾರೂ ಇಡಲಿಲ್ಲ. ಸೆಪ್ಟೆಂಬರಿನಲ್ಲಿ ಎರಡನೇ ಸಲ ಕರೆದಾಗ ಮುಂಬೈನ ಹೋಟೆಲೊಂದರಲ್ಲಿ 14 ದಿನ ಇರಿಸಿದರು. ಮೊದಲ ದಿನ ಒಂದು ಆರ್‌ಟಿ-ಪಿಸಿಆರ್, ಕೊನೆಯಲ್ಲಿ ಇನ್ನೊಂದು. ಊಟದ ತಟ್ಟೆಯನ್ನು ಬಾಗಿಲ ಹೊರಗಿನ ಕುರ್ಚಿಯ ಮೇಲಿಟ್ಟು, ಬಾಗಿಲು ತಟ್ಟಿ ಹೊರಟುಹೋಗುತ್ತಿದ್ದರು. ಕಂಪನಿಯ ಕಾಯಂ ನೌಕರರಿಗೆ ಆ 14 ದಿನ ಡ್ಯೂಟಿ ಎಂದು ಲೆಕ್ಕವಾಯಿತು. ಗುತ್ತಿಗೆಯ ನಮಗೆ ಅದು ‘ಪ್ರಯಾಣದ ಸಿದ್ಧತೆ’ ಎಂಬ ಹೆಸರಿನಲ್ಲಿ ಶೂನ್ಯ. ಅಕ್ಕಪಕ್ಕದ ಕೊಠಡಿ, ಒಂದೇ ಕುರ್ಚಿ, ಒಂದೇ ತಟ್ಟೆ. ಲೆಕ್ಕ ಮಾತ್ರ ಬೇರೆ.

ಆದ್ದರಿಂದ ನಿಮ್ಮ ತಮ್ಮನವರು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ದಿನ ಸಮುದ್ರದಲ್ಲಿ ಎಂಬುದಲ್ಲ. ಮನೆಯ ಹೊಸ್ತಿಲು ದಾಟಿದ ದಿನದಿಂದ ಮತ್ತೆ ಹೊಸ್ತಿಲು ತುಳಿಯುವ ದಿನದವರೆಗೆ ಯಾವ ದಿನಕ್ಕೆ ಯಾರು ಹಣ ಕೊಡುತ್ತಾರೆ ಎಂದು ಕೇಳಲಿ.

ಮಂಡಿಪೇಟೆ ದಲಾಲಿ

ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ವರ್ಷ ಲಾರಿ ಚಾಲಕರು ದಾರಿಯಲ್ಲಿ ಊಟವಿಲ್ಲದೆ ನರಳಿದರು, ನಮ್ಮ ಮಂಡಿಯ ಹಮಾಲರಿಗೆ ಕೂಲಿಯೇ ಇರಲಿಲ್ಲ. ಸಮುದ್ರದವರಿಗೆ ಊಟ, ಹಾಸಿಗೆ, ಸಂಬಳ ಮೂರೂ ಇತ್ತು. ಹೆಚ್ಚು ಸಂಬಳ ಕೊಡುವುದೇ ಕಷ್ಟಕ್ಕಾಗಿ ಅಲ್ಲವೇ?

ಹರಿಹರದ ಫಿಟ್ಟರ್

ಹಮಾಲರ ಕಷ್ಟ ದೊಡ್ಡದು, ಒಪ್ಪಿದೆ. ಅದರಿಂದ ನನ್ನ ಹದಿನೈದು ದಿನದ ಲಾಡ್ಜ್ ಬಾಡಿಗೆ ಕಡಿಮೆಯಾಗಲಿಲ್ಲ.

ಜಗಳೂರು-ಅಬುಧಾಬಿ

ಇನ್ನೊಂದು ಸಂಗತಿಯನ್ನು ಮಂಡಿಯವರು ಮರೆತಿದ್ದಾರೆ. ಎಲ್ಲರಿಗೂ ಸಂಬಳ ಇರಲಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು, ಬ್ಯಾರೆಲ್ಲಿಗೆ ಮೈನಸ್ 37 ಡಾಲರಿನಾಚೆ ಹೋಯಿತು. ಮೇ ತಿಂಗಳಿನಿಂದ ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಮತ್ತು ಅದರ ಜೊತೆಗಾರ ದೇಶಗಳು ದಿನಕ್ಕೆ 97 ಲಕ್ಷ ಬ್ಯಾರೆಲ್ ಉತ್ಪಾದನೆ ಕಡಿತಗೊಳಿಸಿದವು. ಹೊಸ ಬಾವಿ ಕೊರೆಯುವುದು ನಿಂತಿತು, ರಿಗ್‌ಗಳನ್ನು ಬದಿಗೆ ನಿಲ್ಲಿಸಿದರು. ಉತ್ಪಾದನಾ ಪ್ಲಾಟ್‌ಫಾರ್ಮಿನಲ್ಲಿದ್ದವನಿಗೆ ಮನೆಗೆ ಹೋಗಲು ಬಿಡಲಿಲ್ಲ. ಕೊರೆಯುವ ರಿಗ್ಗಿನವನಿಗೆ ಮತ್ತೆ ಬರಬೇಡ ಎಂದರು. ಒಂದೇ ಊರಿನ ಇಬ್ಬರು ಗೆಳೆಯರಲ್ಲಿ ಒಬ್ಬ ರಜೆಗಾಗಿ ಅತ್ತ, ಇನ್ನೊಬ್ಬ ಕೆಲಸಕ್ಕಾಗಿ ಅತ್ತ.

ನನ್ನ ಕಥೆ ಎರಡನೇ ಅಲೆಯದು. ಅಬುಧಾಬಿಯ ದಾಸ್ ದ್ವೀಪದ ಕಡೆಯ ಕೆಲಸದಿಂದ ರಜೆಗೆ ಬಂದಿದ್ದೆ. 2021ರ ಏಪ್ರಿಲ್ 24ರ ಮಧ್ಯರಾತ್ರಿಯಿಂದ ಭಾರತದ ಪ್ರಯಾಣಿಕರಿಗೆ ಯು.ಎ.ಇ. ಬಾಗಿಲು ಮುಚ್ಚಿತು. ನನ್ನ ಟಿಕೆಟ್ ಇದ್ದದ್ದು 27ಕ್ಕೆ. ಹತ್ತು ದಿನ ಎಂದದ್ದು ಮುಂದೆ ಹೋಗುತ್ತಲೇ ಇತ್ತು. ಅಲ್ಲಿ ಆರು ತಿಂಗಳು ದೇಶದ ಹೊರಗಿದ್ದರೆ ನಿವಾಸ ವೀಸಾ ಹೋಗುತ್ತದೆ ಎಂಬ ನಿಯಮ ಬೇರೆ. ಆಗ ಅದಕ್ಕೆ ರಿಯಾಯಿತಿ ಕೊಟ್ಟರೂ, ಕೊಡುವವರೆಗೆ ನಿದ್ದೆ ಇರಲಿಲ್ಲ.

ಲಸಿಕೆಯದು ಮತ್ತೊಂದು ಪಜೀತಿ. ನಾನು ಕೋವಿಶೀಲ್ಡ್ ಹಾಕಿಸಿಕೊಂಡೆ, ನನ್ನ ಜೊತೆಯವನಿಗೆ ಆ ದಿನ ಸಿಕ್ಕಿದ್ದು ಕೋವ್ಯಾಕ್ಸಿನ್. ಸಿಕ್ಕಿದ್ದೇ ಪುಣ್ಯ ಎನ್ನುವ ಕಾಲ ಅದು. ಕೋವಿಶೀಲ್ಡ್‌ನ ಎರಡನೇ ಡೋಸಿಗೆ 84 ದಿನ ಕಾಯಬೇಕಿತ್ತು. ಜೂನ್ 7ರಂದು, ಓದಿಗೆ, ಉದ್ಯೋಗಕ್ಕೆ ಮತ್ತು ಟೋಕಿಯೊ ಒಲಿಂಪಿಕ್ಸ್‌ಗೆ ವಿದೇಶಕ್ಕೆ ಹೋಗುವವರು 28 ದಿನಗಳ ನಂತರ ಹಾಕಿಸಿಕೊಳ್ಳಬಹುದು ಎಂದು ಕೇಂದ್ರ ಹೇಳಿತು. ಹೀಗೆ ಒಲಿಂಪಿಕ್ಸ್ ಕ್ರೀಡಾಪಟುಗಳ ಸಾಲಿನಲ್ಲಿ ಜಗಳೂರಿನ ಸ್ಕಾಫೋಲ್ಡರ್ (ಅಟ್ಟಣಿಗೆ ಕಟ್ಟುವವ) ಕೂಡ ನಿಂತ. ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿಕೊಂಡು ನಾನು ಸೆಪ್ಟೆಂಬರ್ ಕೊನೆಗೆ ಹೋದೆ. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಬಂದದ್ದು ನವೆಂಬರ್ 3ಕ್ಕೆ. ಅಷ್ಟರಲ್ಲಿ ಜೊತೆಯವನ ಜಾಗಕ್ಕೆ ಬೇರೆ ದೇಶದವನು ಬಂದಾಗಿತ್ತು. ಅವನೀಗ ಜಗಳೂರಿನಲ್ಲೇ ಶೇಂಗಾ ಬೆಳೆಯುತ್ತಿದ್ದಾನೆ.

ಕೋಟೆ ಮಗ್ಗುಲಿನವ

ಪ್ರಯಾಣದ ಕಷ್ಟವನ್ನು ಒಪ್ಪಿದೆ. ಆದರೆ ನನ್ನ ಮೂಲ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಎಲ್ಲರನ್ನೂ ಪರೀಕ್ಷಿಸಿ ಹತ್ತಿಸಿದ ಮೇಲೆ ಸಮುದ್ರದ ಮೇಲೆ ರೋಗ ಎಲ್ಲಿಂದ ಬರುತ್ತದೆ?

ಚಳ್ಳಕೆರೆ ಮೆಡಿಕ್

ಅದಕ್ಕೆ ನಾನು ಉತ್ತರಿಸುತ್ತೇನೆ. ಎರಡು ರಿಗ್ ಮತ್ತು ಒಂದು ಬಾರ್ಜ್‌ನಲ್ಲಿ ಮೆಡಿಕ್, ಅಂದರೆ ವೈದ್ಯಕೀಯ ಸಹಾಯಕ, ಆಗಿದ್ದವನು ನಾನು. (ಚಳ್ಳಕೆರೆಯವನಿಗೆ ಎಣ್ಣೆಯ ನಂಟು ಹೊಸದಲ್ಲ, ನಮ್ಮ ಅಪ್ಪ ಗಾಣದ ಎಣ್ಣೆ ಮಿಲ್ಲಿನಲ್ಲಿದ್ದರು, ನಾನು ನೆಲದ ಎಣ್ಣೆಯ ಕಡೆ ಹೋದೆ.)

ಪರೀಕ್ಷೆಯ ದಿನ ನೆಗೆಟಿವ್ ಬಂದವನು ಐದು ದಿನದ ಮೇಲೆ ಪಾಸಿಟಿವ್ ಆಗಬಹುದು, ಏಕೆಂದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗುವುದಿಲ್ಲ. ಅದಕ್ಕಾಗಿಯೇ 14 ದಿನದ ಕೊಠಡಿ ವಾಸ. ಆ ವಾಸವನ್ನು ಖರ್ಚು ಉಳಿಸಲು ಏಳಕ್ಕೆ, ಐದಕ್ಕೆ ಇಳಿಸಿದ ಕಡೆಗಳಲ್ಲಿ ರೋಗ ಹತ್ತಿತು. ಹತ್ತಿದ ಮೇಲೆ ತಡೆಯುವುದು ಹೇಗೆ? ಒಂದು ಕ್ಯಾಬಿನ್ನಿನಲ್ಲಿ ನಾಲ್ಕು ಮಂಚ. ನಾನಿದ್ದ ಬಾರ್ಜ್‌ನಲ್ಲಿ ಹಗಲು ಪಾಳಿಯವನು ಎದ್ದ ಹಾಸಿಗೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಿದ್ದ. ಶೌಚಾಲಯ ಹಂಚಿಕೆ, ಮೆಸ್ಸು ಒಂದೇ, ಹವಾನಿಯಂತ್ರಣದ ಗಾಳಿ ಎಲ್ಲ ಕ್ಯಾಬಿನ್ನುಗಳಿಗೂ ಸುತ್ತುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು, ಸಮುದ್ರದ ಸುರಕ್ಷತಾ ನಿಯಮಕ್ಕೂ ಕೊರೊನಾ ನಿಯಮಕ್ಕೂ ಹೊಂದಾಣಿಕೆಯೇ ಆಗದೆ ಹೋದದ್ದು. ಮೆಟ್ಟಿಲು ಹತ್ತಿಳಿಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಬೇಕು ಎಂಬುದು ಪ್ಲಾಟ್‌ಫಾರ್ಮಿನ ಮೊದಲ ಪಾಠ. ಯಾವುದನ್ನೂ ಮುಟ್ಟಬೇಡಿ ಎಂಬುದು ಕೊರೊನಾದ ಮೊದಲ ಪಾಠ. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಬೆಂಕಿಗೆ ಬೇಗ ಸಿಗುವ ವಸ್ತು. ಅನಿಲ ಇರುವ ಜಾಗಕ್ಕೆ ಒಯ್ಯುವಂತಿಲ್ಲ, ಆದ್ದರಿಂದ ಸೋಪು ನೀರೇ ಗತಿ. ಮಾಸ್ಕ್ ಹಾಕಿದರೆ ಕಣ್ಣಿನ ರಕ್ಷಣಾ ಕನ್ನಡಕದ ಮೇಲೆ ಮಂಜು ಕೂರುತ್ತದೆ. ಮಂಜು ಕೂತರೆ ಕಾಲಿಡುವ ಜಾಗ ಕಾಣುವುದಿಲ್ಲ. ಮಸ್ಟರ್ ಡ್ರಿಲ್ ಎಂದರೆ ಎಲ್ಲರೂ ಲೈಫ್‌ಬೋಟಿನ ಬಳಿ ಸೇರಿ ಎಣಿಕೆ ಕೊಡುವುದು. ಆ ದೋಣಿಯಲ್ಲಿ ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು, ಅಲ್ಲಿ ಎರಡು ಮೀಟರ್ ಅಂತರ ಎಲ್ಲಿಂದ ತರುವುದು? ತಂಡ ತಂಡವಾಗಿ ಡ್ರಿಲ್ ಮಾಡಿಸಿದೆವು. ಅದು ಸರಿಯೇ ಎಂದು ನನಗೆ ಇಂದಿಗೂ ಅನುಮಾನವಿದೆ, ಏಕೆಂದರೆ ಬೆಂಕಿ ತಂಡ ತಂಡವಾಗಿ ಬರುವುದಿಲ್ಲ.

ಕೋಟೆ ಮಗ್ಗುಲಿನವ

ಸರಿ ಸಾರ್, ನನ್ನ ಮಾತನ್ನು ಹಿಂತೆಗೆದುಕೊಂಡೆ. ಚಿತ್ರದುರ್ಗದ ಸಂತೆಯೇ ವಾಸಿ.

ಹೊಳಲ್ಕೆರೆ ಶಿಕ್ಷಕಿ

ಮೆಡಿಕ್ ಅವರೇ, ಯಾರಿಗಾದರೂ ಉಸಿರಾಟ ತೀವ್ರವಾಗಿ ಕೆಟ್ಟರೆ ಏನು ಮಾಡುತ್ತಿದ್ದಿರಿ?

ಚಳ್ಳಕೆರೆ ಮೆಡಿಕ್

ನಮ್ಮ ಸಿಕ್ ಬೇಯಲ್ಲಿ (ರೋಗಿಗಳ ಕೊಠಡಿ) ಎರಡು ಮಂಚ, ಕೆಲವು ಆಮ್ಲಜನಕದ ಸಿಲಿಂಡರ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಔಷಧಿಯ ಕಪಾಟು ಮತ್ತು ದಡದ ವೈದ್ಯರಿಗೆ ಒಂದು ಫೋನ್. ವೆಂಟಿಲೇಟರ್ ಇರಲಿಲ್ಲ. ಆಮ್ಲಜನಕದ ಪ್ರಮಾಣ ಇಳಿಯಲು ಶುರುವಾದರೆ ಕಾಯದೆ ದಡಕ್ಕೆ ಕಳಿಸಬೇಕು. ಅದಕ್ಕೆ ಹೆಲಿಕಾಪ್ಟರ್ ಬೇಕು, ಸೋಂಕಿತನೊಡನೆ ಹಾರಲು ಒಪ್ಪುವ ವ್ಯವಸ್ಥೆ ಬೇಕು, ಅನಂತರ ಆ ಯಂತ್ರವನ್ನು ಶುಚಿಗೊಳಿಸುವವರೆಗೆ ಬೇರೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಮಳೆಗಾಲದಲ್ಲಿ ಮೋಡ ಕವಿದರೆ ಇದಾವುದೂ ಇಲ್ಲ.

ಒಬ್ಬ ರೋಗಿಯನ್ನು ಸ್ಥಳಾಂತರಿಸುವುದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ನಮ್ಮಲ್ಲೇ ಒಂದು ಕಹಿ ಉದಾಹರಣೆ ಇದೆ. 2005ರ ಜುಲೈ 26ರಂದು ಮುಂಬೈ ಮಹಾಮಳೆಯಲ್ಲಿ ಮುಳುಗಿತು. ಮರುದಿನ ಮುಂಬೈ ಹೈ ಬಳಿಯ ಒಂದು ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳುಗಳು ಕತ್ತರಿಸಿ ಹೋದವು. ಹವಾಮಾನದಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಗಾಯಾಳುವನ್ನು ಪ್ಲಾಟ್‌ಫಾರ್ಮಿಗೆ ಏರಿಸಲು ಹಡಗು ಹತ್ತಿರ ಬಂದು, ಅಲೆಗಳ ಹೊಡೆತಕ್ಕೆ ಪ್ಲಾಟ್‌ಫಾರ್ಮಿನ ಅನಿಲ ಕೊಳವೆಗೆ ಬಡಿಯಿತು. ಬೆಂಕಿ ಹತ್ತಿ ಪ್ಲಾಟ್‌ಫಾರ್ಮ್ ಸಂಪೂರ್ಣ ನಾಶವಾಯಿತು. 22 ಮಂದಿ ಸತ್ತರು, 362 ಮಂದಿಯನ್ನು ಉಳಿಸಲಾಯಿತು. ಬೆರಳಿನ ಗಾಯದಿಂದ ಶುರುವಾದದ್ದು ಅಲ್ಲಿಗೆ ಮುಟ್ಟಿತು. ಕೊರೊನಾ ಕಾಲದಲ್ಲಿ ಪ್ರತಿಯೊಬ್ಬ ಜ್ವರದವನನ್ನು ನೋಡಿದಾಗಲೂ ನನಗೆ ಈ ಘಟನೆ ನೆನಪಿಗೆ ಬರುತ್ತಿತ್ತು.

ತರಬೇತಿ ಮೇಷ್ಟ್ರು

ಮೆಡಿಕ್ ಅವರ ಮಾತಿಗೆ ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ಡ್ರಿಲ್ ಬಗ್ಗೆ. ತಂಡವಾಗಿ ಮಾಡಿಸುವುದು ತಪ್ಪಲ್ಲ. ಪ್ರತಿಯೊಬ್ಬನೂ ತನ್ನ ದೋಣಿಯ ದಾರಿಯನ್ನು ಕಾಲಿನಲ್ಲಿ ನೆನಪಿಟ್ಟುಕೊಳ್ಳುವುದು ಮುಖ್ಯ, ಆ ಕೆಲಸ ತಂಡದಲ್ಲೂ ಆಗುತ್ತದೆ. ಡ್ರಿಲ್ಲನ್ನೇ ಬಿಟ್ಟವರು ತಪ್ಪು ಮಾಡಿದರು.

ಸೇರ್ಪಡೆ, ದಣಿವಿನ ಬಗ್ಗೆ. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ, 28 ದಿನ ಎಂಬುದನ್ನು ಮೈ ತಾಳುತ್ತದೆ, ಏಕೆಂದರೆ ಕೊನೆಯ ದಿನ ಗೊತ್ತಿರುತ್ತದೆ. ಕೊನೆಯ ದಿನ ಅಳಿಸಿಹೋದಾಗ ಮನುಷ್ಯ ಸಣ್ಣ ಸಣ್ಣ ವಿಷಯಗಳನ್ನು ಬಿಡಲು ಶುರುಮಾಡುತ್ತಾನೆ. ಕೆಲಸದ ಅನುಮತಿ ಪತ್ರವಾದ ಪರ್ಮಿಟ್ ಓದದೆ ಸಹಿ ಹಾಕುತ್ತಾನೆ. ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆಯಾದ ಬೆಳಗಿನ ಟೂಲ್ ಬಾಕ್ಸ್ ಟಾಕ್‌ನಲ್ಲಿ ತಲೆಯಾಡಿಸುತ್ತಾನೆ, ಕಿವಿ ಮಾತ್ರ ಮನೆಯಲ್ಲಿರುತ್ತದೆ. ಇದರ ಜೊತೆಗೆ ಕೊರೊನಾ ಕಾಲದಲ್ಲಿ ಕೆಲಸ ಹಸ್ತಾಂತರವೂ ಕೆಟ್ಟಿತು. ಇಳಿಯುವವನೂ ಹತ್ತುವವನೂ ಮುಖಾಮುಖಿ ಸೇರಬಾರದೆಂದು ಒಂದು ಹಾಳೆ ಬರೆದಿಟ್ಟು ಹೋಗುವ ಪದ್ಧತಿ ಬಂತು. ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ 1988ರ ಜುಲೈ 6ರಂದು 167 ಮಂದಿ ಸತ್ತದ್ದು ಹೇಗೆ? ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದಾರೆ ಎಂಬ ಸುದ್ದಿ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಅವರು ಅದೇ ಪಂಪನ್ನು ಚಾಲೂ ಮಾಡಿದರು. ಪಾಳಿ ಬದಲಾವಣೆಯ ಹತ್ತು ನಿಮಿಷದ ಮಾತಿಗೆ ನಾವು ಅಷ್ಟು ಬೆಲೆ ಕೊಡುವುದು ಅದಕ್ಕಾಗಿ. ಮಾಸ್ಕ್ ಹಾಕಿ, ಬಯಲಿನ ಡೆಕ್ಕಿನಲ್ಲಿ ದೂರ ನಿಂತಾದರೂ ಮಾತನಾಡಿ ಎಂದು ನಾನು ಆಗ ಎಲ್ಲರಿಗೂ ಹೇಳುತ್ತಿದ್ದೆ.

ನಮ್ಮ ದೇಶದಲ್ಲಿ ಸಮುದ್ರದ ತೈಲ ಕೆಲಸಕ್ಕೆ 2008ರ ಸುರಕ್ಷತಾ ನಿಯಮಗಳಿವೆ, ಅದನ್ನು ನೋಡಿಕೊಳ್ಳಲು ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯವೂ ಇದೆ. ನಿಯಮ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಮಂಡಿಪೇಟೆ ದಲಾಲಿ

ಹೆಲಿಕಾಪ್ಟರಿನಲ್ಲಿ ಮಾಸ್ಕ್ ಹಾಕಿಕೊಂಡೇ ಹೋಗುತ್ತಿದ್ದಿರಾ? ಅದು ನೀರಿಗೆ ಬಿದ್ದರೆ ಮಾಸ್ಕ್ ಮೂಗಿಗೆ ಅಂಟಿಕೊಳ್ಳುವುದಿಲ್ಲವೇ?

ತರಬೇತಿ ಮೇಷ್ಟ್ರು

ದಲಾಲಿಯವರು ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ತರಗತಿಯಲ್ಲೂ ಎಲ್ಲರೂ ಇದನ್ನೇ ಕೇಳುತ್ತಿದ್ದರು. ಸಮುದ್ರಕ್ಕೆ ಹಾರುವ ಮೊದಲು ಹ್ಯೂಯೆಟ್ ಎಂಬ ತರಬೇತಿ ಕಡ್ಡಾಯ. ಹೆಲಿಕಾಪ್ಟರಿನಂತಹ ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಕೊಳದಲ್ಲಿ ಮುಳುಗಿಸಿ, ಮಗುಚಿ ಹಾಕುತ್ತಾರೆ. ಬೆಲ್ಟ್ ಬಿಚ್ಚಿ ಕಿಟಕಿ ತಳ್ಳಿ ಹೊರಬರಬೇಕು. ಒದ್ದೆ ಬಟ್ಟೆ ಮೂಗು ಬಾಯಿಯನ್ನು ಮುಚ್ಚುತ್ತದೆ, ಆದ್ದರಿಂದ ನೀರಿಗಿಳಿಯುವ ಸೂಚನೆ ಬಂದೊಡನೆ ಮೊದಲು ಮಾಸ್ಕ್ ಕಿತ್ತೆಸೆಯಬೇಕು ಎಂಬುದನ್ನು ಪಾಠಕ್ಕೆ ಸೇರಿಸಿದೆವು. ಕೊಳಗಳೇ ತಿಂಗಳುಗಟ್ಟಲೆ ಮುಚ್ಚಿದ್ದರಿಂದ ಎಷ್ಟೋ ಜನರ ಪ್ರಮಾಣಪತ್ರಗಳ ಅವಧಿ ಮುಗಿಯಿತು. ಕಾಗದದ ಮೇಲೆ ಅವಧಿ ವಿಸ್ತರಿಸಿದರು. ಈಜು ಮರೆತ ಮೈಗೆ ಕಾಗದ ಏನು ಮಾಡೀತು?

ಹೊಳಲ್ಕೆರೆ ಶಿಕ್ಷಕಿ

ಇಲ್ಲಿಯವರೆಗೆ ಬರೆದವರೆಲ್ಲ ಹೋದವರು. ನಾನು ಮನೆಯಲ್ಲಿ ಉಳಿದವಳು. ನನ್ನ ಯಜಮಾನರು ಬಾರ್ಜ್‌ನಲ್ಲಿ ವೆಲ್ಡರ್ ಆಗಿದ್ದರು.

ಮೊದಲ ಸಲ ಊರಿಗೆ ಬಂದಾಗ ‘ಬಾಂಬೆಯಿಂದ ಬಂದವರು’ ಎಂದು ಓಣಿಯವರು ನಮ್ಮ ಮನೆಯ ಮುಂದಿನ ನಲ್ಲಿಗೆ ಬರುವುದನ್ನೇ ನಿಲ್ಲಿಸಿದರು. ಹಾಲಿನವನು ಗೇಟಿನ ಮೇಲೆ ಪಾಕೆಟ್ ಇಟ್ಟು ಓಡುತ್ತಿದ್ದ. ಮುಂದಿನ ಕೋಣೆಯಲ್ಲಿ ಅವರು, ಹಿಂದಿನ ಕೋಣೆಯಲ್ಲಿ ನಾನು ಮತ್ತು ಎಂಟು ತಿಂಗಳ ಮಗು. ಮಗಳು ಮೊದಲ ಬಾರಿ ಎದ್ದು ನಿಂತದ್ದನ್ನು ಅವರು ಕಿಟಕಿಯ ಗಾಜಿನಾಚೆಯಿಂದ ನೋಡಿದರು. ಇದನ್ನು ಸಹಿಸಬಹುದು.

ಸಹಿಸಲಾಗದ್ದು 2021ರ ಮೇ ತಿಂಗಳು. ರಾಜ್ಯದಲ್ಲಿ 10ರಿಂದ ಲಾಕ್‌ಡೌನ್ ಇತ್ತು. 16ರ ರಾತ್ರಿ ಗಾಳಿ ಹೆಚ್ಚುತ್ತಿದೆ ಎಂದು ಫೋನ್ ಮಾಡಿದ್ದರು. 17ರಂದು ತೌಕ್ತೆ ಚಂಡಮಾರುತ. ಪಿ-305 ಎಂಬ ಬಾರ್ಜ್ ಲಂಗರು ಕಿತ್ತುಕೊಂಡು ತೇಲಿಹೋಗಿ ಮುಳುಗಿದೆ ಎಂದು ಮರುದಿನ ಟಿ.ವಿ.ಯಲ್ಲಿ ಬಂತು. ಅದರಲ್ಲಿ 261 ಜನ ಇದ್ದರು. ನೌಕಾಪಡೆಯವರು 186 ಜನರನ್ನು ಉಳಿಸಿದರು. ಇವರು ಇದ್ದದ್ದು ಬೇರೆ ಬಾರ್ಜ್‌ನಲ್ಲಿ, ಆದರೆ ಅದು ಬೇರೆಯದು ಎಂದು ನನಗೆ ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಗುತ್ತಿಗೆದಾರನ ಕೆಳಗೆ ಇನ್ನೊಬ್ಬ ಗುತ್ತಿಗೆದಾರ, ಅವನ ಕೆಳಗೆ ಊರಿನ ಒಬ್ಬ ಏಜೆಂಟ್. ಏಜೆಂಟ್ ಫೋನ್ ಎತ್ತಲಿಲ್ಲ. ಉಳಿದವರ ಸಂಖ್ಯೆ ನಮ್ಮ ಬಳಿ ಇರಲಿಲ್ಲ. ಮುಂಬೈಗೆ ಹೋಗೋಣವೆಂದರೆ ದಾರಿಯೇ ಇಲ್ಲ. ಮೂರನೇ ದಿನ ಅವರೇ ಬೇರೆಯವರ ಮೊಬೈಲಿನಿಂದ ಮಾತನಾಡಿದರು.

ಪಿ.ಬಿ. ರಸ್ತೆಯವರೇ, ನಿಮ್ಮ ತಾಯಿಯವರು ಸಿಟ್ಟಾಗುವುದರಲ್ಲಿ ನ್ಯಾಯವಿದೆ. ಸಂಬಳದ ಮಾತು ಆಮೇಲಾಗಲಿ. ಅವನು ಯಾವ ಪ್ಲಾಟ್‌ಫಾರ್ಮಿನಲ್ಲಿ ಅಥವಾ ಯಾವ ಬಾರ್ಜ್‌ನಲ್ಲಿ ಇರುತ್ತಾನೆ, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲು ಬರೆಸಿಕೊಳ್ಳಿ.

ಹರಿಹರದ ಫಿಟ್ಟರ್

ಅಕ್ಕ, ಆ ಮೂರು ದಿನ ನಾನು ಊರಿನಲ್ಲಿದ್ದೆ. ಉಳಿದವರ ಪಟ್ಟಿಗಾಗಿ ಫೋನ್ ಹಿಡಿದುಕೊಂಡೇ ಕುಳಿತಿದ್ದೆ. ಬೇರೆ ಮಾತು ಬರುವುದಿಲ್ಲ.

ಕೋರ್ಟ್ ರಸ್ತೆ

ಕಾನೂನಿನ ಕಡೆಯಿಂದ ನಾಲ್ಕು ಮಾತು. ಇಲ್ಲಿ ಹಲವರು ನಾವಿಕರನ್ನೂ ತೈಲ ಕೆಲಸಗಾರರನ್ನೂ ಒಂದೇ ಎಂದು ತಿಳಿಯುತ್ತಾರೆ. ಹಡಗಿನ ನಾವಿಕರಿಗೆ 2006ರ ಸಾಗರ ಕಾರ್ಮಿಕ ಒಡಂಬಡಿಕೆ ಇದೆ. ಒಂದೇ ಸಮನೆ 11 ತಿಂಗಳಿಗಿಂತ ಹೆಚ್ಚು ಹಡಗಿನಲ್ಲಿ ಇರಿಸುವಂತಿಲ್ಲ. ಅದಿದ್ದರೂ ಕೊರೊನಾ ಕಾಲದಲ್ಲಿ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮೀರಿ ಹಡಗುಗಳಲ್ಲಿ ಸಿಕ್ಕಿಕೊಂಡರು, 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅವರನ್ನು ಪ್ರಮುಖ ಕೆಲಸಗಾರರೆಂದು ಗುರುತಿಸಿ ಎಂದು ಎಲ್ಲ ದೇಶಗಳಿಗೆ ಹೇಳಬೇಕಾಯಿತು. ಪ್ಲಾಟ್‌ಫಾರ್ಮಿಗೆ ಹೋಗುವ ಫಿಟ್ಟರ್, ಟೆಕ್ನಿಷಿಯನ್‌ಗಳಿಗೆ ಸಾಮಾನ್ಯವಾಗಿ ನಾವಿಕರೆಂಬ ಹೆಸರಿಲ್ಲ, ಹೀಗಾಗಿ ಅವರ ರಕ್ಷಣೆ ಹೆಚ್ಚಾಗಿ ಕರಾರು ಪತ್ರದ ಮೇಲೆಯೇ ನಿಲ್ಲುತ್ತದೆ.

ಪ್ರಯಾಣದ ದಿನಕ್ಕೂ ಸಂಬಳ ಕೇಳುವುದು ದುರಾಸೆಯಲ್ಲ. ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು, ಗುತ್ತಿಗೆದಾರನು ಬೇರೆ ರಾಜ್ಯದಿಂದ ಕರೆದೊಯ್ದ ಕೆಲಸಗಾರನಿಗೆ ಹೋಗಿಬರುವ ಪ್ರಯಾಣ ಭತ್ಯೆಯನ್ನೂ, ಪ್ರಯಾಣದ ಅವಧಿಗೆ ಡ್ಯೂಟಿಯಲ್ಲಿದ್ದಂತೆಯೇ ಕೂಲಿಯನ್ನೂ ಕೊಡಬೇಕು ಎಂದು ಹೇಳಿತ್ತು. ದಾರಿಯೂ ಕೆಲಸವೇ ಎಂಬ ತತ್ವವನ್ನು ಶಾಸನವೇ ಒಪ್ಪಿದ ಮೇಲೆ, ಹೋಟೆಲಿನ 14 ದಿನ ಕೆಲಸವಲ್ಲ ಎಂದು ಹೇಳುವವರು ಕಾರಣ ಕೊಡಬೇಕು.

ನಿಮ್ಮ ತಮ್ಮನವರ ಕರಾರಿನ ಆ ಸಾಲಿನಲ್ಲಿ ನನಗೆ ಕಾಣುವ ದೋಷ ಸಾಂಕ್ರಾಮಿಕ ಎಂಬ ಪದವಲ್ಲ, ‘ವಿವೇಚನೆ’ ಎಂಬ ಪದ. ಅವಧಿ ಎಷ್ಟು ದಿನ ಮುಂದೆ ಹೋಗಬಹುದು ಎಂಬುದಕ್ಕೆ ಗರಿಷ್ಠ ಮಿತಿ ಬರೆಯಲಿ, ಹೆಚ್ಚಿದ ದಿನಗಳಿಗೆ ಹೆಚ್ಚಿನ ದರ ಬರೆಯಲಿ, ಕ್ವಾರಂಟೈನ್ ದಿನವನ್ನು ಡ್ಯೂಟಿ ಎಂದು ಬರೆಯಲಿ. ಬಾಯಿಮಾತಿಗೆ ಬೆಲೆ ಕೊಡಬೇಡಿ.

ಜಗಳೂರು-ಅಬುಧಾಬಿ

ವಕೀಲರ ಮಾತು ಸರಿ. ಆದರೆ ಮೊದಲ ಸಲ ಹೋಗುವ ಹುಡುಗ ಇಷ್ಟೆಲ್ಲ ಕೇಳಿದರೆ ಏಜೆನ್ಸಿಯವರು ಮುಂದಿನ ಹುಡುಗನನ್ನು ಕರೆಯುತ್ತಾರೆ. ಹೊರಗೆ ಸಾಲು ದೊಡ್ಡದಿದೆ. ಇದನ್ನೂ ಹೇಳಬೇಕಲ್ಲವೇ?

ಕೋರ್ಟ್ ರಸ್ತೆ

ಕರೆಯಲಿ. ಆದರೂ ಕೇಳದೆ ಇದ್ದರೆ ಉತ್ತರ ಏನೆಂದು ಗೊತ್ತಾಗುವುದು 75ನೇ ದಿನ.

ಪಿ.ಬಿ. ರಸ್ತೆಯವ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಈ ಮಾತುಗಳನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಮೊದಲು ನಕ್ಕ, ಫಿಟ್ಟರ್ ಅಣ್ಣನವರ ಹಾಸ್ಟೆಲಿನ ಕಿಟಕಿಗೆ ಬಂದಾಗ ಸುಮ್ಮನಾದ. ಇಂದು ಬೆಳಗ್ಗೆ ಅವನೇ ಏಜೆನ್ಸಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದ. ಕ್ವಾರಂಟೈನ್ ಬಂದರೆ ಅರ್ಧ ಸಂಬಳ ಕೊಡುತ್ತೇವೆ ಎಂದರು. ಅವಧಿ 14 ದಿನಕ್ಕಿಂತ ಹೆಚ್ಚು ಮುಂದೆ ಹೋಗುವುದಿಲ್ಲ ಎಂದರು. ಅದನ್ನೇ ಪತ್ರದಲ್ಲಿ ಬರೆದು ಕೊಡಿ ಎಂದಾಗ, ಮೇಲಿನವರನ್ನು ಕೇಳಿ ಸೋಮವಾರ ಹೇಳುತ್ತೇವೆ ಎಂದರು. ರಾತ್ರಿ ಎರಡು ಗಂಟೆಯ ಫೋನ್ ಸಂಖ್ಯೆಯನ್ನು ಮಾತ್ರ ತಕ್ಷಣ ಕೊಟ್ಟರು. ನಮ್ಮ ತಾಯಿಯವರು ಆ ಸಂಖ್ಯೆಗೆ ಈಗಾಗಲೇ ಒಮ್ಮೆ ಕರೆ ಮಾಡಿ, ಅದು ನಿಜವಾಗಿ ರಿಂಗ್ ಆಗುತ್ತದೆಯೇ ಎಂದು ಪರೀಕ್ಷಿಸಿದ್ದಾರೆ.

ಹೊಳಲ್ಕೆರೆ ಶಿಕ್ಷಕಿ

ಯಾರಾದರೂ ಎತ್ತಿದರೇ?

ಪಿ.ಬಿ. ರಸ್ತೆಯವ

ಮೂರನೇ ಸಲಕ್ಕೆ ಎತ್ತಿದರು ಅಕ್ಕ. ತಪ್ಪಾಗಿ ಬಂತು ಎಂದು ಹೇಳಿ ತಾಯಿಯವರು ಇಟ್ಟುಬಿಟ್ಟರು.

ಹರಿಹರದ ಫಿಟ್ಟರ್

ಸೋಮವಾರ ಪತ್ರ ಬಂದರೆ ಸಹಿ ಮಾಡುವ ಮೊದಲು ಕೋರ್ಟ್ ರಸ್ತೆಯವರಿಗೆ ತೋರಿಸಿ. ಮೂಲ ಪ್ರಮಾಣಪತ್ರಗಳನ್ನು ಏಜೆನ್ಸಿಯವರ ಕೈಗೆ ಕೊಡಬೇಡಿ, ನಕಲು ಸಾಕು. ಮೇಷ್ಟ್ರು ಹೇಳಿದ ಹ್ಯೂಯೆಟ್‌ಗೆ ಹೋಗುವ ಮೊದಲು ಒಂದು ತಿಂಗಳು ಈಜು ಕೊಳಕ್ಕೆ ಕಳಿಸಿ. ನಮ್ಮ ಕಡೆಯ ಹುಡುಗರು ತುಂಗಭದ್ರೆಯ ದಡದಲ್ಲೇ ಬೆಳೆದರೂ ಮಗುಚಿದ ಪೆಟ್ಟಿಗೆಯಲ್ಲಿ ಮೂಗಿಗೆ ನೀರು ಹೋದೊಡನೆ ಗಾಬರಿಯಾಗುತ್ತಾರೆ, ನಾನೂ ಆಗಿದ್ದೆ.